ಗಂಟೆಗೆ ಬಟ್ಟೆ ಸುತ್ತಿದ ಅಡುಗೆಯವನು

"ಮೇಷ್ಟ್ರೇ, ಈ ಬೋರ್ಡು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಲಕ್ಷಗಟ್ಟಲೆ ಲೆಕ್ಕ ಮಾಡುತ್ತೆ. ಒಂದು ಕೂಸು ಅತ್ತರೆ ಕೇಳಿಸಿಕೊಳ್ಳೋಕೆ ಮಾತ್ರ ಇದಕ್ಕೇನು ರೋಗ?"

ಜಯಶೀಲಾ ಕೇಳಿದ್ದು ಹೀಗೆ. ಪ್ರಶ್ನೆ ಅನ್ನುವುದಕ್ಕಿಂತ ಅದು ಜಗಳ. ಅಂಗೈಯಗಲದ ಮೈಕ್ರೋಕಂಟ್ರೋಲರ್ ಬೋರ್ಡನ್ನು, ತಪ್ಪು ಮಾಡಿದವನನ್ನು ಪಂಚಾಯಿತಿಗೆ ಎಳೆತಂದ ಹಾಗೆ ತಂದು ಮೇಜಿನ ಮೇಲೆ ಇಟ್ಟಿದ್ದಳು.

ಹಾಲೇಶಪ್ಪ ಮೇಷ್ಟ್ರು ಹರಿಹರದವರು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ನಿವೃತ್ತಿ ಅವರ ಕಾಲಿಗೆ ಬಂತೇ ಹೊರತು ನಾಲಗೆಗೆ ಬರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು ಹಾಕಿಕೊಂಡು, ಬಂದವರಿಗೆಲ್ಲ ಬೋರ್ಡು, ತಂತಿ, ಪ್ರೋಗ್ರಾಮು ಅಂತ ಪಾಠ ಹೇಳುತ್ತಾರೆ. ಕೇಳಿದ ಪ್ರಶ್ನೆಗೆ ಅವರು ನೇರವಾಗಿ ಉತ್ತರ ಕೊಟ್ಟಿದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಏನು ಕೇಳಿದರೂ ಒಂದು ಕತೆ. ಶಿಷ್ಯರು ಬೈದುಕೊಳ್ಳುತ್ತಾರೆ, ಆಮೇಲೆ ಮತ್ತೆ ಬರುತ್ತಾರೆ.

ಜಯಶೀಲಾಗೆ ಅವತ್ತು ಕತೆ ಕೇಳುವ ಪುರಸೊತ್ತು ಇರಲಿಲ್ಲ. ಅವಳ ಅಕ್ಕ ಉಮಾದೇವಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹೆರಿಗೆಗೆಂದು ತವರಿಗೆ ಬಂದವಳು ಹೆಣ್ಣುಮಗುವನ್ನು ಹೆತ್ತು, ಬಾಣಂತನ ಮುಗಿಸಿಕೊಂಡು, ನಾಳೆ ಗಂಡನ ಮನೆಗೆ ಹೊರಡಬೇಕಿತ್ತು. ಕರೆದುಕೊಂಡು ಹೋಗಲು ಅತ್ತೆಯವರೇ ಬರುವವರಿದ್ದರು. ಕೆಟ್ಟ ಹೆಂಗಸಲ್ಲ ಪಾಪ, ಆದರೆ ಹೆದರಿಕೆಯ ಹೆಂಗಸು. ಹಿಂದಿನ ಸಲ ಬಂದಾಗ ಅವರು ಒಂದು ಮಾತು ಆಡಿ ಹೋಗಿದ್ದರು: "ರಾತ್ರಿ ಕೂಸು ಅತ್ತರೆ ಇವಳಿಗೆ ಹೆಂಗೆ ಗೊತ್ತಾಗಬೇಕು? ಕೂಸು ನನ್ನ ಕೋಣೆಯಲ್ಲೇ ಮಲಗಲಿ." ತುಟಿ ನೋಡಿ ಮಾತು ತಿಳಿಯುವ ಉಮಾದೇವಿಗೆ ಅದು ಪೂರ್ತಿ ತಿಳಿದಿತ್ತು. ಅವತ್ತು ಅವಳು ಊಟ ಮಾಡಲಿಲ್ಲ. ತನ್ನ ಮಗು ತನ್ನ ಪಕ್ಕದಲ್ಲಿ ಮಲಗಬೇಕು, ಅವಳಿಗೆ ಬೇಕಾದ್ದು ಅಷ್ಟೇ.

ಅಕ್ಕನ ಕೈ ಹಿಡಿದು ಜಯಶೀಲಾ ಸನ್ನೆಯಲ್ಲೇ ಮಾತು ಕೊಟ್ಟಿದ್ದಳು. ಒಂದು ಬೋರ್ಡು ಮಾಡಿಕೊಡುತ್ತೇನೆ. ಮಗು ಅತ್ತರೆ ನಿನ್ನ ದಿಂಬಿನ ಕೆಳಗಿನ ಮೋಟಾರು ಗಡಗಡ ಅಲುಗುತ್ತದೆ. ಬಾಗಿಲಲ್ಲಿ ಯಾರಾದರೂ ಬೆಲ್ ಒತ್ತಿದರೆ ಮಂಚದ ಪಕ್ಕದ ದೀಪ ಮಿನುಗುತ್ತದೆ. ನಿಮ್ಮ ಅತ್ತೆಯವರ ಕಣ್ಣೆದುರಿಗೇ ತೋರಿಸುತ್ತೇನೆ, ಆಮೇಲೆ ಅವರು ಏನು ಹೇಳುತ್ತಾರೋ ನೋಡೋಣ.

ಮಾತು ಕೊಟ್ಟಿದ್ದು ಸುಲಭವಾಗಿತ್ತು. ಮೊದಲು ಬರೆದ ಪ್ರೋಗ್ರಾಮು ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಮಗು ಅತ್ತಿತೇ? ಬೆಲ್ ಒತ್ತಿದರೇ? ಮತ್ತೆ ಮಗು ಅತ್ತಿತೇ? ಸುತ್ತಿನ ಒಂದು ಮೂಲೆಯಲ್ಲಿ ಬೋರ್ಡು ಇರುವಾಗ ಇನ್ನೊಂದು ಮೂಲೆಯಲ್ಲಿ ಮಗು ಅತ್ತು ಸುಮ್ಮನಾಗಿಬಿಡುತ್ತಿತ್ತು. ಗೆಳತಿಯೊಬ್ಬಳು "ಇಂಟರಪ್ಟ್ ಹಾಕೇ" ಅಂದಳು. ಬೋರ್ಡು ಯಾವ ಕೆಲಸದಲ್ಲಿ ಮುಳುಗಿದ್ದರೂ ಸದ್ದು ಬಂದ ಕೂಡಲೇ ಅದರ ಭುಜ ತಟ್ಟಿ ಕರೆಯುವ ಉಪಾಯ ಅದು. ಹಾಕಿದಳು. ಈಗ ಹೊಸ ಪೀಡೆ. ಬೆಲ್ ಒತ್ತಿದರೆ ದೀಪ ಚೆನ್ನಾಗಿ ಮಿನುಗುತ್ತದೆ, ಆದರೆ ಮಿನುಗಿ ಮುಗಿಯುವ ತನಕ ಬೋರ್ಡಿನ ಕಿವಿಗೆ ಮಗುವಿನ ಅಳು ಬೀಳುವುದೇ ಇಲ್ಲ.

ಪರೀಕ್ಷೆಗೆ ನಿಜವಾದ ಮಗುವನ್ನು ಅಳಿಸಲು ಮನಸ್ಸು ಬರಲಿಲ್ಲ. ಅದಕ್ಕೆ ಬೆಳಗ್ಗೆಯಿಂದ ಬೋರ್ಡಿನ ಮುಂದೆ ಕೂತು ತಾನೇ "ಕುವ್ವಾ ಕುವ್ವಾ" ಎಂದು ಅತ್ತಿದ್ದಳು. ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ ಇಣುಕಿ, "ಯಾರ ಕೂಸವ್ವಾ ಅದು, ಗಂಟಲು ಇಷ್ಟು ದಪ್ಪ?" ಅಂದಿದ್ದಳು. ಅಲ್ಲಿಗೆ ಜಯಶೀಲಾಳ ತಾಳ್ಮೆ ಹರಿದು, ಬೋರ್ಡು ಮೇಷ್ಟ್ರ ಮೇಜಿಗೆ ಬಂದಿತ್ತು.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಅವಳ ಲ್ಯಾಪ್‌ಟಾಪಿನಲ್ಲಿದ್ದ ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ ಓದಿದರು. ಓದುತ್ತಾ ಓದುತ್ತಾ ಅವರ ಹೊಟ್ಟೆ ಕುಲುಕತೊಡಗಿತು. ಕೊನೆಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಅಯ್ಯೋ ನನ್ನವ್ವಾ, ಗಂಟೆಗೆ ಬಟ್ಟೆ ಸುತ್ತಿದೀಯಲ್ಲೇ!"

"ಯಾವ ಗಂಟೆ ಮೇಷ್ಟ್ರೇ?"

"ಕೂತ್ಕೋ. ಹೇಳ್ತೀನಿ."

"ಕತೆ ಬೇಡ ಮೇಷ್ಟ್ರೇ, ನಾಳೆ ಬೆಳಗ್ಗೆ ಅಕ್ಕ ಹೊರಡ್ತಾಳೆ!"

"ಅದಕ್ಕೇ ಕತೆ. ಉತ್ತರ ಹೇಳಿದರೆ ಸಂಜೆ ಆಗುತ್ತೆ," ಅಂದವರೇ ಮೇಷ್ಟ್ರು ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಶುರುಮಾಡಿಯೇಬಿಟ್ಟರು.

ಒಂದು ಊರು. ಆ ಊರಿನಲ್ಲಿ ಒಬ್ಬ ವರ್ತಕ. ಗಾಡಿದಾರಿಯ ಪಕ್ಕದಲ್ಲಿ ಅವನು ಒಂದು ಛತ್ರ ಕಟ್ಟಿಸಿದ. ದಾರಿಹೋಕರು ಯಾರೇ ಬರಲಿ, ಅಲ್ಲಿ ಊಟ. ಅವನದು ಒಂದೇ ನೇಮ. ಈ ಬಾಗಿಲಿಗೆ ಬಂದವರು ಹಸಿದು ಹಿಂದಿರುಗಬಾರದು. ಒಬ್ಬರು ಹಿಂದಿರುಗಿದರೂ ಛತ್ರಕ್ಕೆ ಬೀಗ ಹಾಕುತ್ತೇನೆ ಎಂದು ಊರ ನಾಲ್ಕು ಜನರೆದುರು ಆಡಿದ್ದ.

ಛತ್ರಕ್ಕೆ ಒಬ್ಬನೇ ಅಡುಗೆಯವನು. ಇದ್ದದ್ದು ಒಂದೇ ಒಲೆ, ಒಂದು ಜೊತೆ ಕೈ. ಊರೂರು ಅಲೆದು, ಮದುವೆ ಮುಂಜಿಗಳಲ್ಲಿ ಸೌಟು ಹಿಡಿದು ಬದುಕಿದವನಿಗೆ ಆ ಛತ್ರದ ಮೂಲೆ ಸಿಕ್ಕಿದ್ದು ಮನೆ ಸಿಕ್ಕಿದಂತೆ ಆಗಿತ್ತು. ಬೀಗ ಬಿದ್ದರೆ ಮತ್ತೆ ಬೀದಿ. ಆದ್ದರಿಂದ ಅವನಿಗೆ ಹಗಲೂ ಇರುಳೂ ಒಂದೇ ಭಯ. ಯಾರಾದರೂ ಬಂದು ಹಾಗೇ ಹೋಗಿಬಿಟ್ಟರೆ?

ಅವನು ಓಡತೊಡಗಿದ. ಬಾಗಿಲಿಗೆ ಓಡಿ, ಯಾರಾದರೂ ಬಂದರೇ ಎಂದು ನೋಡುವನು. ಯಾರೂ ಇಲ್ಲ. ಒಲೆಗೆ ಓಡಿ, ಅನ್ನ ಬೆಂದಿತೇ ಎಂದು ನೋಡುವನು. ಇನ್ನೂ ಇಲ್ಲ. ಹಿತ್ತಿಲಿಗೆ ಓಡಿ, ಕರು ಹಗ್ಗ ಬಿಚ್ಚಿಕೊಂಡು ಹಸುವಿನ ಕೆಚ್ಚಲಿಗೆ ಬಾಯಿ ಹಾಕಿತೇ ಎಂದು ನೋಡುವನು. ಹಾಕಿಲ್ಲ. ಮತ್ತೆ ಬಾಗಿಲಿಗೆ. ಅವನು ಬಾಗಿಲಲ್ಲಿದ್ದಾಗ ಅನ್ನ ತಳ ಹಿಡಿಯುತ್ತಿತ್ತು. ಒಲೆಯ ಬಳಿ ಇದ್ದಾಗ ಕರು ಹಾಲು ಕುಡಿದು ಮುಗಿಸುತ್ತಿತ್ತು. ಸಂಜೆಯ ಹೊತ್ತಿಗೆ ಒಬ್ಬ ಅತಿಥಿಯೂ ಬಂದಿರಲಿಲ್ಲ, ಅಡುಗೆಯವನ ಕಾಲು ಮಾತ್ರ ಊದಿಕೊಂಡಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಅನ್ನುತ್ತಾರಲ್ಲ, ಹಾಗೆ.

"ಅದು ನನ್ನ ಮೊದಲನೇ ಪ್ರೋಗ್ರಾಮು," ಎಂದಳು ಜಯಶೀಲಾ, ಹಲ್ಲು ಕಚ್ಚಿಕೊಂಡು.

"ನಾನು ಯಾರ ಹೆಸರೂ ಹೇಳಲಿಲ್ಲಪ್ಪ," ಎಂದರು ಮೇಷ್ಟ್ರು.

ಅಡುಗೆಯವನ ಅವಸ್ಥೆ ವರ್ತಕನ ಕಿವಿಗೆ ಬಿತ್ತು. ಅವನು ಒಂದು ಕಂಚಿನ ಗಂಟೆ ತರಿಸಿ ಛತ್ರದ ಬಾಗಿಲಿಗೆ ಕಟ್ಟಿಸಿದ. ಬಂದವರು ಹಗ್ಗ ಎಳೆದರೆ ಸಾಕು, ಒಳಗೆಲ್ಲ ಕೇಳುತ್ತದೆ. ಅಡುಗೆಯವನಿಗೆ ಸ್ವರ್ಗ ಮೂರೇ ಗೇಣು. ಇನ್ನು ಓಡಬೇಕಿಲ್ಲ, ಕಾಯಬೇಕಿಲ್ಲ! ಗಂಟೆಗೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಕೈಮುಗಿದ.

ಮರುದಿನ ಗಂಟೆ ಹೊಡೆಯಿತು. ಒಬ್ಬ ಯಾತ್ರಿಕ ನಿಂತಿದ್ದ. ಅಡುಗೆಯವನು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಓಡಿದ. ಕಾಲಿಗೆ ನೀರು ಕೊಟ್ಟ. ಎಲೆ ಹಾಕಿದ. ಅನ್ನ ಬಡಿಸಿದ, ಸಾರು ಬಡಿಸಿದ, ಎದುರಿಗೆ ಕೂತು ಬೀಸಣಿಗೆ ಬೀಸಿದ. ಯಾವೂರು, ಯಾರ ಮಗ, ತಂಗಿಯ ಮದುವೆ ಆಯಿತೇ ಎಂದು ಎಲ್ಲ ವಿಚಾರಿಸಿದ. ಬಂದವನು ದೇವರು. ದೇವರಿಗೆ ಅರ್ಧ ಪೂಜೆ ಮಾಡಿ ಎದ್ದು ಹೋಗುವುದುಂಟೇ?

ಅಷ್ಟರಲ್ಲಿ ಮತ್ತೆ ಗಂಟೆ ಹೊಡೆಯಿತು.

ಅಡುಗೆಯವನಿಗೆ ಸಂಕಟವಾಯಿತು. ಎಲೆಯ ಮುಂದೆ ಕೂತವನನ್ನು ಬಿಟ್ಟು ಏಳುವುದು ಹೇಗೆ? ಉಣ್ಣುವವನ ಕಿವಿಗೆ ಢಣ್ ಢಣ್ ಎಂದು ಬಡಿಯುತ್ತಿದ್ದರೆ ಗಂಟಲಲ್ಲಿ ತುತ್ತಾದರೂ ಹೇಗೆ ಇಳಿದೀತು? ಇದು ಅತಿಥಿಗೆ ಅವಮಾನ ಎಂದು ಅವನ ಒಳ್ಳೆಯ ಮನಸ್ಸಿಗೆ ಅನ್ನಿಸಿತು. ಎದ್ದ. ಹೆಗಲ ಮೇಲಿನ ವಸ್ತ್ರ ತೆಗೆದ. ಬಾಗಿಲ ಮೇಲಕ್ಕೆ ಕೈ ಚಾಚಿ ಗಂಟೆಯ ನಾಲಗೆಗೆ ಅದನ್ನು ಸುತ್ತಿ ಬಿಗಿದ. ಹೊರಗೆ ನಿಂತವರನ್ನು ಅವನು ನೋಡಲೂ ಇಲ್ಲ, ಏಕೆಂದರೆ ಅವನ ಮನಸ್ಸೆಲ್ಲ ಒಳಗಿನ ಎಲೆಯ ಮೇಲಿತ್ತು. ಮತ್ತೆ ಬಂದು ಕೂತು ಬೀಸಣಿಗೆ ಹಿಡಿದ.

ಯಾತ್ರಿಕ ಪಾಯಸ ಉಂಡು, ಮಜ್ಜಿಗೆ ಕುಡಿದು, ತಾಂಬೂಲ ಹಾಕಿಕೊಂಡು, ಹೊಟ್ಟೆ ಸವರಿಕೊಳ್ಳುತ್ತಾ ಹಿತ್ತಿಲ ದಾರಿಯಲ್ಲಿ ಹೊರಟ. "ಇಂಥ ಉಪಚಾರ ನನ್ನ ಅತ್ತೆ ಮನೆಯಲ್ಲೂ ಕಂಡಿಲ್ಲ," ಎಂದು ಹೇಳಿಯೂ ಹೋದ. ಅಡುಗೆಯವನು ಬಟ್ಟೆ ಬಿಚ್ಚಿ ಬಾಗಿಲ ಹೊರಗೆ ನೋಡಿದ. ಯಾರೂ ಇರಲಿಲ್ಲ. "ಅಬ್ಬಾ, ಬಂದವರು ಬೇರೆ ಎಲ್ಲೋ ಹೊರಟಿದ್ದರು ಅಂತ ಕಾಣುತ್ತೆ, ಸುಮ್ಮನೆ ಹಗ್ಗ ಎಳೆದು ನೋಡಿದ್ದಾರೆ," ಎಂದುಕೊಂಡು ಒಳಗೆ ಬಂದ. ಅಂದಿನಿಂದ ಅದೇ ಅವನ ಪದ್ಧತಿಯಾಯಿತು. ಒಬ್ಬರು ಉಣ್ಣಲು ಕೂತರೆ ಗಂಟೆಗೆ ಬಟ್ಟೆ.

ಜಯಶೀಲಾ ಲ್ಯಾಪ್‌ಟಾಪಿನ ಕಡೆ ಒಂದು ಸಲ ನೋಡಿದಳು. ಬೆಲ್ ಒತ್ತಿದ ಕೂಡಲೇ ಬೋರ್ಡನ್ನು ಕರೆದು, ಅದು ದೀಪ ಮಿನುಗಿಸಿ ಮುಗಿಸುವ ತನಕ ಬೇರೆ ಯಾರೂ ಅದರ ಭುಜ ತಟ್ಟದಂತೆ ಮಾಡಿದ್ದ ಸಾಲು ಅಲ್ಲೇ ಇತ್ತು. ಅದನ್ನು ಬರೆದಾಗ ಎಷ್ಟು ಹೆಮ್ಮೆಪಟ್ಟಿದ್ದಳು! ಮುಂದೆ ಹೇಳಿ ಎಂದು ಮೇಷ್ಟ್ರಿಗೆ ಕೈಯಲ್ಲೇ ತೋರಿಸಿದಳು.

ವರ್ತಕನಿಗೆ ಒಬ್ಬಳು ತಾಯಿ. ತೀರ್ಥಯಾತ್ರೆಗೆ ಹೋಗಿದ್ದವಳು ಒಂದು ದಿನ ಮಧ್ಯಾಹ್ನ ಗಾಡಿಯಲ್ಲಿ ಹಿಂದಿರುಗಿ ಬಂದಳು. ಮಗ ಕಟ್ಟಿಸಿದ ಛತ್ರದಲ್ಲಿ ಮೊದಲ ಊಟ ಮಾಡಬೇಕೆಂದು ಅವಳ ಆಸೆ. ನೇರ ಅಲ್ಲೇ ಇಳಿದಳು. ಬಾಗಿಲಲ್ಲಿ ಒಬ್ಬ ಕುಂಬಾರ, ಅವನ ಹೆಂಡತಿ, ತಲೆಯ ಮೇಲೆ ಮಡಕೆ ಹೊತ್ತುಕೊಂಡು ಮೆಟ್ಟಿಲು ಇಳಿಯುತ್ತಿದ್ದರು.

"ಉಂಡಿರೇನಪ್ಪಾ?" ಎಂದಳು ಮುದುಕಿ.

"ಎಲ್ಲಿಯ ಊಟ ತಾಯಿ? ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹಗ್ಗ ಎಳೆದು ಎಳೆದು ಕೈ ಸೋತಿತು. ಗಂಟೆ ಅಲುಗುತ್ತೆ, ಸದ್ದು ಮಾಡಲ್ಲ. ಮುಂದಿನ ಊರಿಗೆ ಹೋಗ್ತೀವಿ," ಎಂದ ಕುಂಬಾರ.

ಮುದುಕಿ ಅವರ ದಾರಿಗೆ ಅಡ್ಡ ನಿಂತಳು. ಈ ಇಬ್ಬರು ಹೀಗೇ ಹೊರಟುಹೋದರೆ ಮಗನ ಮಾತು ಬಿದ್ದಿತು, ಛತ್ರವೂ ಮುಚ್ಚಿತು. ಅವರ ಮಡಕೆಗಳನ್ನು ತಾನೇ ಇಳಿಸಿ, ಜಗಲಿಯ ಮೇಲೆ ಕೂರಿಸಿ, ಗಾಡಿಯಲ್ಲಿದ್ದ ತನ್ನ ಬುತ್ತಿ ಬಿಚ್ಚಿ ಕೊಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಟ್ಟಿಗೆಯ ಕಡೆಯಿಂದ ಸುತ್ತಿಕೊಂಡು ಅಡುಗೆಮನೆಗೆ ನುಗ್ಗಿದಳು.

ಒಳಗೆ ಒಬ್ಬ ದಲ್ಲಾಳಿ ಪಾಯಸ ಸುರಿಯುತ್ತಾ ತನ್ನ ಎಮ್ಮೆಯ ವಂಶಾವಳಿ ಹೇಳುತ್ತಿದ್ದ. ಅಡುಗೆಯವನು ಬೀಸಣಿಗೆ ಬೀಸುತ್ತಾ, "ಆಮೇಲೆ ಆ ಎಮ್ಮೆಯ ತಾಯಿ ಏನಾಯಿತು ಬುದ್ಧಿ?" ಎಂದು ಕೇಳುತ್ತಿದ್ದ. ಯಜಮಾನರ ತಾಯಿಯನ್ನು ಕಂಡವನೇ ಬೀಸಣಿಗೆ ಬಿಟ್ಟ, ಕಾಲಿಗೆ ಬಿದ್ದ.

"ತಪ್ಪಾಯ್ತು ಅಮ್ಮಾ! ಏನು ತಪ್ಪು ಅಂತ ಗೊತ್ತಿಲ್ಲ, ಆದರೆ ತಪ್ಪಾಯ್ತು. ಛತ್ರ ಮಾತ್ರ ಮುಚ್ಚಿಸಬೇಡಿ."

ಮುದುಕಿ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಗಂಟೆಯ ನಾಲಗೆಗೆ ಸುತ್ತಿದ್ದ ವಸ್ತ್ರ ಕಂಡಿತು. ಬೈಯಬೇಕೆಂದು ಬಂದಿದ್ದವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು, ಕಂಬ ಹಿಡಿದುಕೊಂಡು, ಕೊನೆಗೆ ಅಲ್ಲೇ ನೆಲದ ಮೇಲೆ ಕೂತಳು.

"ಅಯ್ಯಾ ಪುಣ್ಯಾತ್ಮಾ, ಉಣ್ಣುವವರ ಮೇಲಿನ ಪ್ರೀತಿಗೆ ಹಸಿದವರ ಬಾಯಿ ಕಟ್ಟಿದೀಯಲ್ಲೋ!"

ಛತ್ರ ಮುಚ್ಚಲಿಲ್ಲ. ಬದಲಿಗೆ ಮುದುಕಿ ಅಲ್ಲೇ ಉಳಿದಳು. ಗಾಡಿಯಿಂದ ಹಾಸಿಗೆ ಇಳಿಸಿ, ಬಾಗಿಲ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು, ಮುಂದೆ ಒಂದು ಕಂಚಿನ ಬಟ್ಟಲು, ಮಡಿಲಲ್ಲಿ ಒಂದಿಷ್ಟು ಹುಣಸೆಬೀಜ ಇಟ್ಟುಕೊಂಡು ಕೂತಳು. ಯಾರಾದರೂ ಬಂದರೆ, "ಬನ್ನಿ, ಕೂತ್ಕೊಳ್ಳಿ" ಎನ್ನುವಳು. ಬಟ್ಟಲಿಗೆ ಒಂದು ಬೀಜ ಹಾಕುವಳು. ಟಣ್! ಅಷ್ಟೇ. ಮತ್ತೆ ದಾರಿ ನೋಡುತ್ತಾ ಕೂರುವಳು. ಒಳಗೆ ಆ ಸದ್ದು ಕೇಳಿದ ಅಡುಗೆಯವನು ಬಂದು, ಬಟ್ಟಲಿನಿಂದ ಬೀಜ ತೆಗೆದುಕೊಂಡು, ಒಬ್ಬರನ್ನು ಒಳಗೆ ಕರೆದೊಯ್ಯುವನು.

ಅಡುಗೆಯವನಿಗೆ ಇದು ಮೊದಲು ಸರಿಬೀಳಲಿಲ್ಲ. "ಇಷ್ಟೇನಾ ಅಮ್ಮಾ? ಕಾಲಿಗೆ ನೀರಿಲ್ಲ, ಕ್ಷೇಮ ಸಮಾಚಾರ ಇಲ್ಲ, ನೀವೇ ನಾಲ್ಕು ತುತ್ತು ಬಡಿಸಿದರೆ ಏನಾಗುತ್ತೆ?"

"ನಾನು ಬಡಿಸೋಕೆ ಹೋದರೆ ಬಾಗಿಲು ನೋಡೋದು ನಿಮ್ಮಪ್ಪನೇ? ಬಾಗಿಲಲ್ಲಿ ಕೂತವಳು ಬೀಜ ಹಾಕಬೇಕು, ಬಾಯಿ ಮುಚ್ಚಿಕೊಂಡು ಕೂರಬೇಕು," ಎಂದಳು ಮುದುಕಿ.

ಬಾಗಿಲು ಸರಿಯಾದ ಮೇಲೆ ಅವಳು ಅಡುಗೆಮನೆಗೂ ಕೈ ಹಾಕಿದಳು. ಯಾವ ಕೆಲಸವನ್ನೂ ಎದುರಿಗೆ ನಿಂತು ಕಾಯಬೇಡ, ಕೆಲಸವೇ ನಿನ್ನನ್ನು ಕರೆಯಲಿ ಎಂದಳು. ಅನ್ನದ ಪಾತ್ರೆಗೆ ಒಂದು ತೆಳು ತಟ್ಟೆ ಮುಚ್ಚಿಸಿದಳು. ಕುದಿ ಬಂದರೆ ತಟ್ಟೆ ಕಟಕಟ ಅನ್ನುತ್ತದೆ. ಕರುವಿನ ಕೊರಳಿಗೆ ಗೆಜ್ಜೆ ಕಟ್ಟಿಸಿದಳು. ಹಗ್ಗ ಬಿಚ್ಚಿಕೊಂಡು ಕುಣಿದರೆ ಗೆಜ್ಜೆ ಘಲ್ಲೆನ್ನುತ್ತದೆ. ಬಡಿಸುವಾಗ ನಡುವೆ ತಟ್ಟೆ ಕಟಕಟ ಅಂದರೆ, ಯಾರ ಎಲೆಯ ತನಕ ಬಂದಿದ್ದೀಯೋ ಆ ಎಲೆಯ ಮುಂದೆ ಸೌಟು ಇಟ್ಟು ಹೋಗು, ತಿರುಗಿ ಬಂದಾಗ ಸೌಟು ಇದ್ದಲ್ಲಿಂದ ಮುಂದುವರಿಸು ಎಂದಳು. ಉಣ್ಣುವವರು ಒಂದು ಗಳಿಗೆ ಕಾದರೆ ಆಕಾಶ ಕಳಚಿ ಬೀಳುವುದಿಲ್ಲ.

"ಏನೂ ಕರೆಯದೇ ಇದ್ದಾಗ?" ಎಂದು ಕೇಳಿದ ಅಡುಗೆಯವನು.

"ಮಲಕ್ಕೋ."

ಅವನನ್ನು ಎಲ್ಲಕ್ಕಿಂತ ಕಾಡಿದ್ದು ಅದೇ ಮಾತು. ಉಂಡ ಮನೆಯ ಅನ್ನಕ್ಕೆ ಬೆವರು ಸುರಿಸದೆ ಮಲಗುವುದೇ? ಮಲಗಿದವನು ಎದ್ದು ಸಾರು ಕಲಕಿ ಬರುತ್ತಿದ್ದ. ಮುದುಕಿ ಬೀಸಣಿಗೆಯ ಹಿಡಿಯಿಂದ ಕೈಗೆ ಒಂದು ಕೊಟ್ಟು ಮತ್ತೆ ಮಲಗಿಸುತ್ತಿದ್ದಳು. ಕೊನೆಗೆ ಕಲಿತ. ಟಣ್ ಅಂದರೆ ಬಾಗಿಲಿಗೆ, ಕಟಕಟ ಅಂದರೆ ಒಲೆಗೆ, ಘಲ್ ಅಂದರೆ ಹಿತ್ತಿಲಿಗೆ. ಯಾವುದೂ ಇಲ್ಲದಿದ್ದರೆ ಜಗಲಿಗೆ. ಅದೇ ಒಲೆ, ಅದೇ ಎರಡು ಕೈ. ಹಿಂದೆ ಒಬ್ಬ ಯಾತ್ರಿಕ ಉಣ್ಣುವಷ್ಟು ಹೊತ್ತಿನಲ್ಲಿ ಈಗ ಒಂದು ಪಂಕ್ತಿಯೇ ಎದ್ದು ಹೋಗುತ್ತಿತ್ತು. ಅನ್ನ ತಳ ಹಿಡಿಯುತ್ತಿರಲಿಲ್ಲ. ಕರುವಿಗೆ ಮಾತ್ರ ಸ್ವಲ್ಪ ಬೇಸರ.

ಒಂದು ದಿನ ವರ್ತಕ ಹೇಳದೆ ಕೇಳದೆ ಬಂದ. ನೋಡುತ್ತಾನೆ, ಅಡುಗೆಯವನು ಜಗಲಿಯ ಮೇಲೆ ಅಂಗಾತ ಬಿದ್ದುಕೊಂಡು, ಕಾಲ ಮೇಲೆ ಕಾಲು ಹಾಕಿ ಅಲ್ಲಾಡಿಸುತ್ತಾ, ಯಾವುದೋ ಸೋಬಾನೆ ಪದ ಗುನುಗುತ್ತಿದ್ದಾನೆ. ವರ್ತಕನ ಪಿತ್ತ ನೆತ್ತಿಗೇರಿತು.

"ಎಲಾ ಇವನ! ಛತ್ರ ಕಟ್ಟಿಸಿದ್ದು ನೀನು ಬಿದ್ದುಕೊಳ್ಳೋಕೇನೋ? ಹಸಿದವರು..."

ಅವನ ಹಿಂದೆಯೇ ಒಬ್ಬ ಬಳೆಗಾರ ಬೆವರು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದ. ಬಟ್ಟಲಲ್ಲಿ ಟಣ್ ಅಂದಿತು. ವರ್ತಕ ತನ್ನ ಬೈಗುಳದ ಎರಡನೆಯ ತುಂಡು ಹುಡುಕುವಷ್ಟರಲ್ಲಿ ಅಡುಗೆಯವನು ಜಗಲಿಯ ಮೇಲೆ ಇರಲಿಲ್ಲ. ಬಳೆಗಾರನ ಮುಂದೆ ಎಲೆ ಬಿದ್ದಿತ್ತು, ಎಲೆಯ ಮೇಲೆ ಬಿಸಿ ಅನ್ನ ಹಬೆಯಾಡುತ್ತಿತ್ತು. ವರ್ತಕ ಬಗ್ಗಿ ಒಳಗೆ ಇಣುಕಿದ.

"ಅವನನ್ನ ಬೈಬೇಡ ಕಣೋ," ಎಂದಳು ತಾಯಿ. "ಖಾಲಿ ಇದ್ದಾನೆ, ಅದಕ್ಕೇ ಕೈಗೆ ಸಿಗ್ತಾನೆ. ನೀನೂ ಕೂತ್ಕೋ. ಹಸಿದು ಬಂದಿದೀಯ."

ಎಂದು ಅವನ ಪಾಲಿಗೂ ಒಂದು ಬೀಜ ಹಾಕಿದಳು.

ಮೇಷ್ಟ್ರು ಕತೆ ನಿಲ್ಲಿಸಿದ್ದೇ ತಡ, ಜಯಶೀಲಾ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ಮುಖ ಹಬ್ಬದ ಮನೆಯಂತಾಗಿತ್ತು.

"ಗೊತ್ತಾಯ್ತು ಮೇಷ್ಟ್ರೇ, ಗೊತ್ತಾಯ್ತು! ಇಂಟರಪ್ಟು ಅಜ್ಜಿ. ಅವಳು ಬೀಜ ಹಾ‌ಕಿ ಸುಮ್ಮನಿರಬೇಕು. ನಾನು ಅವಳ ಕೈಯಲ್ಲೇ ದೀಪ ಹಚ್ಚಿಸ್ತಾ ಕೂತಿದ್ದೆ. ಅಡುಗೆಯವನ ಹಾಗೆ ಕೆಲಸ ಮಾಡೋಕೆ ದೀಪಕ್ಕೆ ಒಂದು ಥ್ರೆಡ್ಡು, ದಿಂಬಿಗೆ ಒಂದು ಥ್ರೆಡ್ಡು. ತಮ್ಮ ತಮ್ಮ ಬೀಜ ಬೀಳೋ ತನಕ ಎರಡೂ ಮಲಗಿರಲಿ. ಅಲ್ವಾ?"

"ದೀಪ ಮಿನುಗೋದರ ನಡುವೆ ಮಗು ಅತ್ತರೆ?"

"ಸೌಟು ಅಲ್ಲೇ ಇಟ್ಟು ದಿಂಬಿನ ಹತ್ತಿರ ಹೋಗೋದು. ಮಗುವೇ ಮೊದಲು. ದೀಪದ ಮಿಕ್ಕ ಮಿನುಗು ಆಮೇಲೆ."

"ಯಾರೂ ಕರೆಯದಿದ್ದರೆ ಇಡೀ ಬೋರ್ಡನ್ನೇ ಮಲಗಿಸು ತಾಯಿ. ಬ್ಯಾಟರಿಯೂ ಉಳಿಯುತ್ತೆ," ಎಂದರು ಮೇಷ್ಟ್ರು.

ಆದರೆ ಆ ಮಾತು ಅವಳಿಗೆ ತಲುಪುವ ಹೊತ್ತಿಗೆ ಅವಳು ಆಗಲೇ ಪ್ರೋಗ್ರಾಮಿನೊಳಗೆ ಇಳಿದಿದ್ದಳು. ಬೋರ್ಡಿನ ತಂತಿ ಕಿತ್ತು ಪಕ್ಕಕ್ಕಿಟ್ಟಳು. ಹಳೆಯ ಸಾಲುಗಳನ್ನು ಕಳೆ ಕಿತ್ತಂತೆ ಕಿತ್ತಳು. ಬೆರಳು ಓಡಿತು, ತುಟಿ ತನ್ನಷ್ಟಕ್ಕೆ ಮಾತಾಡಿತು. "ಬೀಜ ಹಾಕು, ಹೊರಡು. ಬೀಜ ಹಾಕು, ಹೊರಡು." ಮೇಷ್ಟ್ರ ಮನೆಯಿಂದ ಟೀ ಬಂದು, ಕೆನೆಗಟ್ಟಿ, ತಣ್ಣಗಾಯಿತು. ಮೇಷ್ಟ್ರು ಎದ್ದು ಬಾಗಿಲ ಕಡೆ ಹೋದರು, ಮತ್ತೆ ಬಂದು ಕೂತರು. ಅದೂ ಅವಳಿಗೆ ತಿಳಿಯಲಿಲ್ಲ. ಅಕ್ಕನ ದಿಂಬು, ಅಕ್ಕನ ಮಂಚ, ನಾಳೆ ಅತ್ತೆಯವರ ಮುಖ ಹೇಗೆ ಅರಳುತ್ತದೆ ಎಂಬುದೇ ಅವಳ ಕಣ್ಣ ಮುಂದೆ ಇತ್ತು. ಒಂದು ಕಡೆ ಅಲ್ಪವಿರಾಮ ತಪ್ಪಿ ಪ್ರೋಗ್ರಾಮು ಹಟ ಹಿಡಿಯಿತು. ಅದನ್ನು ಹುಡುಕಿ, ಬೈದು, ಸರಿಮಾಡಿದಳು.

ಕೊನೆಗೆ ತಂತಿ ಚುಚ್ಚಿ ಬೋರ್ಡಿಗೆ ಜೀವ ಕೊಟ್ಟಳು. ಬೆಲ್ಲಿನ ಗುಂಡಿ ಒತ್ತಿದಳು. ದೀಪ ಮಿನುಗತೊಡಗಿತು. ಮಿನುಗುತ್ತಿರುವಾಗಲೇ ಮೈಕಿನ ಕಡೆ ಬಾಗಿ, ಗಂಟಲು ಸಣ್ಣ ಮಾಡಿ, "ಕುವ್ವಾ!" ಎಂದಳು.

ಮೇಜಿನ ಮೇಲಿದ್ದ ಪುಟ್ಟ ಮೋಟಾರು ಗಡಗಡ ನಡುಗಿ, ಜಾರಿ, ಟೀ ಲೋಟಕ್ಕೆ ಡಿಕ್ಕಿ ಹೊಡೆಯಿತು. ಅದು ನಿಂತ ಮೇಲೆ ದೀಪ ತನ್ನ ಉಳಿದ ಮಿನುಗನ್ನು ಶಿಸ್ತಾಗಿ ಮುಗಿಸಿತು. ಇನ್ನೊಮ್ಮೆ ಅತ್ತಳು. ಇನ್ನೊಮ್ಮೆ ನಡುಗಿತು. ಬೆಲ್ಲು ಒತ್ತಿ ಒತ್ತಿ, ಅತ್ತು ಅತ್ತು ನೋಡಿದಳು. ಒಂದು ಸಲವೂ ತಪ್ಪಲಿಲ್ಲ. ಜಯಶೀಲಾ ಕುರ್ಚಿಯಿಂದ ಎದ್ದು ಕುಣಿದೇಬಿಟ್ಟಳು.

"ನೋಡಿದ್ರಾ ಮೇಷ್ಟ್ರೇ! ಇನ್ನು ಮಗು ಒಂದು ಸಲ ಮುಲುಗಿದರೂ ತಪ್ಪಿಸಿಕೊಳ್ಳೋಕಾಗಲ್ಲ. ನಾಳೆ ಅತ್ತೆಯವರು ಬರಲಿ, ತೋರಿಸ್ತೀನಿ, ನಮ್ಮಕ್ಕನ ಪಕ್ಕ ಕೂಸು ಮಲಗಬಹುದೋ ಇಲ್ಲವೋ ಅಂತ!"

ಹಾಗೆ ಅನ್ನುತ್ತಾ ತಿರುಗಿದಳು.

ತಂಗಿಯನ್ನು ಹುಡುಕಿಕೊಂಡು ಯಾವಾಗಲೋ ಬಂದ ಉಮಾದೇವಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಗುವನ್ನು ಮಲಗಿಸಲು ಹಾಸಿದ್ದ ಶಾಲು ಖಾಲಿಯಾಗಿತ್ತು. ಮಗು ಅವಳ ಹೆಗಲ ಮೇಲಿತ್ತು. ಹಾಲು ಕುಡಿದ ಬಾಯಿ ಅರ್ಧ ತೆರೆದು, ಕೆನ್ನೆಯ ಮೇಲೆ ಒಂದು ಹನಿ ಕಣ್ಣೀರು ಇನ್ನೂ ಒಣಗದೆ, ಗಾಢವಾಗಿ ನಿದ್ದೆ ಹೋಗಿತ್ತು. ಉಮಾದೇವಿಯ ಅಂಗೈ ಮಗುವಿನ ಬೆನ್ನ ಮೇಲೆ ಮೆಲ್ಲಗೆ ಆಡುತ್ತಿತ್ತು. ತಂಗಿಯ ಕುಣಿತ ನೋಡಿ ಅವಳಿಗೆ ನಗು ಬಂದಿತ್ತು. ಮಗು ಎದ್ದೀತೆಂದು ತಡೆದುಕೊಂಡಿದ್ದಳು.

ಮೇಷ್ಟ್ರು ತಣ್ಣಗಾದ ಟೀ ಲೋಟವನ್ನು ಜಯಶೀಲಾಳ ಕಡೆಗೆ ಸರಿಸಿದರು.

"ನಾಳೆ ಅತ್ತೆಯವರಿಗೆ ಬೋರ್ಡು ತೋರಿಸೋಕೆ ಮುಂಚೆ ಇಷ್ಟು ಹೇಳು ಶೀಲಾ: ಇವತ್ತು ನಿನ್ನ ಬೆನ್ನ ಹಿಂದೆಯೇ ಕೂಸು ಅತ್ತಿತು, ಎರಡು ಕಿವಿಯಿದ್ದ ನಿನಗೆ ಕೇಳಲಿಲ್ಲ, ಕೂಸಿನ ಮೇಲೆ ಕೈಯಿಟ್ಟಿದ್ದ ನಿಮ್ಮಕ್ಕನಿಗೆ ಕೇಳಿತು."